ಬೇರಿನೊಳಗಿನ ಬೆಸುಗೆ

ಹಲ್ಲನ್ನು ಗಾಜಿನ ಹಾಗೆ ಪಾರದರ್ಶಕ ಮಾಡಬಹುದು. ಕಿತ್ತ ದವಡೆಹಲ್ಲಿನ ಒಳಕ್ಕೆ ಕಪ್ಪು ಶಾಯಿ ಇಳಿಸಿ, ಕೆಲವು ದಿನ ನೈಟ್ರಿಕ್ ಆಮ್ಲದ ತೆಳು ದ್ರಾವಣದಲ್ಲಿಟ್ಟು ಖನಿಜವನ್ನೆಲ್ಲ ಕರಗಿಸುತ್ತಾರೆ. ಆಮೇಲೆ ಆಲ್ಕೋಹಾಲಿನಲ್ಲಿ ನೆನೆಸಿ ನೀರಿನಂಶ ತೆಗೆಯುತ್ತಾರೆ. ಕೊನೆಗೆ ಅದು ಮೀಥೈಲ್ ಸ್ಯಾಲಿಸಿಲೇಟ್ ಎಂಬ ಎಣ್ಣೆಗೆ ಬೀಳುತ್ತದೆ. ಬೆನ್ನುನೋವಿಗೆ ತಿಕ್ಕುವ ಮುಲಾಮಿನ ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ವಾಸನೆ ಈ ಎಣ್ಣೆಯದೇ. ಸ್ವಲ್ಪ ಹೊತ್ತಿಗೆ ಹಲ್ಲಿನ ಗೋಡೆಗಳು ಕಣ್ಣಿಗೆ ಕಾಣದಂತಾಗಿ, ಒಳಗಿನ ಶಾಯಿ ಮಾತ್ರ ನಿಲ್ಲುತ್ತದೆ.

ಅಂಥದೊಂದು ಹಲ್ಲನ್ನು ಮೊದಲ ಸಲ ಬೆಳಕಿಗೆ ಹಿಡಿದು ನೋಡಿದಾಗ, ‘ರೂಟ್ ಕೆನಾಲ್’ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆ ಅನ್ನಿಸಿತು. ಕೆನಾಲ್ ಅಂದರೆ ನಮ್ಮ ಮನಸ್ಸಿಗೆ ಬರುವುದು ಎರಡೂ ದಡ ಕಟ್ಟಿದ, ಉದ್ದಕ್ಕೂ ಒಂದೇ ಅಗಲದ ವಿಶ್ವೇಶ್ವರಯ್ಯ ನಾಲೆಯಂಥದು. ಹಲ್ಲಿನ ಬೇರಿನಲ್ಲಿ ಇರುವುದು ಹಾಗಲ್ಲ. ನಾಲೆಯಿಂದ ತೂಬು, ತೂಬಿನಿಂದ ಕಿರುಗಾಲುವೆ, ಅಲ್ಲಿಂದ ಗದ್ದೆಯ ಬದುವಿನ ಸಂದು. ಕೆಲವು ಕವಲೊಡೆದು ಮತ್ತೆ ಕೂಡಿಕೊಳ್ಳುತ್ತವೆ, ಕೆಲವು ಎಲ್ಲಿಯೂ ಸೇರದೆ ಮುಗಿಯುತ್ತವೆ. ಎರಡು ನಾಳಗಳ ನಡುವೆ ಹಾಳೆಯಷ್ಟು ತೆಳ್ಳಗಿನ ಸೀಳು ಹಬ್ಬಿರುತ್ತದೆ. ಬೇರಿನ ತುದಿಯ ಬಾಯಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇರದು. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ನೂರು ವರ್ಷಗಳ ಹಿಂದೆಯೇ ಇದನ್ನು ಬೇರೊಂದು ಬಗೆಯಲ್ಲಿ ತೋರಿಸಿದ್ದರು. ಹಲ್ಲಿನೊಳಕ್ಕೆ ರಬ್ಬರ್ ಒತ್ತಿ ತುಂಬಿ, ಅದನ್ನು ಗಟ್ಟಿಮಾಡಿ, ಹೊರಗಿನ ಹಲ್ಲನ್ನು ಆಮ್ಲದಲ್ಲಿ ಕರಗಿಸಿದರು. ಉಳಿದ ರಬ್ಬರ್ ಅಚ್ಚುಗಳು ಕಿತ್ತ ಹುಲ್ಲಿನ ಬೇರಿನಂತೆ ಕಂಡವು.

ಹುಳುಕು ಒಳಗಿನ ಮಜ್ಜೆಯವರೆಗೆ ಇಳಿದು ಅದು ಸತ್ತ ಮೇಲೆ, ವೈದ್ಯರು ಈ ಬೇರುಜಾಲವನ್ನೇ ಶುಚಿ ಮಾಡಿ ತುಂಬಬೇಕು. ಯಾವುದರಿಂದ ತುಂಬಬೇಕು, ಹೇಗೆ ತುಂಬಬೇಕು ಎಂಬ ಚರ್ಚೆ 150 ವರ್ಷಗಳಿಂದ ನಡೆದೇ ಇದೆ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ ಈ ಚರ್ಚೆಯ ಸುಳಿವೇ ಇರುವುದಿಲ್ಲ. ‘ನರ ತೆಗೆದರು, ಏನೋ ತುಂಬಿದರು, ಕ್ಯಾಪ್ ಹಾಕಿದರು’ ಎಂಬಲ್ಲಿಗೆ ನಮ್ಮ ತಿಳಿವಳಿಕೆ ಮುಗಿಯುತ್ತದೆ. ಆ ‘ಏನೋ’ ಎಂಬುದರ ಕಥೆ ತಿಳಿಯಬೇಕಾದ್ದು.

ಮೊದಲು, ತುಂಬುವುದಾದರೂ ಯಾಕೆ? 1965ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜೆರಾಲ್ಡ್ ಎಂಬ ಮೂವರು ಇಲಿಗಳ ಹಲ್ಲು ಕೊರೆದು ಮಜ್ಜೆಯನ್ನು ಬಾಯಿಗೆ ತೆರೆದಿಟ್ಟರು. ಸಾಮಾನ್ಯ ಇಲಿಗಳಲ್ಲಿ ಕೆಲವೇ ದಿನಗಳಲ್ಲಿ ಮಜ್ಜೆ ಕೊಳೆತು ಬೇರಿನ ತುದಿಯಲ್ಲಿ ಕೀವು ಕಟ್ಟಿತು. ಹುಟ್ಟಿನಿಂದ ಒಂದೇ ಒಂದು ಸೂಕ್ಷ್ಮಾಣುವಿನ ಸೋಂಕೂ ಇಲ್ಲದಂತೆ ಬೆಳೆಸಿದ್ದ ಇಲಿಗಳಲ್ಲಿ, ತೆರೆದ ಗಾಯದಲ್ಲಿ ಅನ್ನದ ಚೂರು ಸಿಕ್ಕಿಕೊಂಡಿದ್ದರೂ ಮಜ್ಜೆ ಬದುಕಿತು. ಮೇಲೆ ಡೆಂಟಿನ್ನಿನ, ಅಂದರೆ ಹಲ್ಲಿನ ಒಳಗೋಡೆಯ ವಸ್ತುವಿನ, ಸೇತುವೆಯನ್ನೂ ಕಟ್ಟಿಕೊಂಡಿತು. ರೋಗ ತರುವುದು ತೂತಲ್ಲ, ತೂತಿನಿಂದ ಇಳಿಯುವ ಬ್ಯಾಕ್ಟೀರಿಯಾ ಎಂಬುದು ಅಂದು ಖಚಿತವಾಯಿತು. 2006ರಲ್ಲಿ ಇನ್ನೊಂದು ತಂಡ ನಾಯಿಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ದಿಟ್ಟ. ಸೋಂಕಾದ ನಾಳಗಳನ್ನು ಶುಚಿಮಾಡಿ ಕೆಲವನ್ನು ತುಂಬಿದರು, ಕೆಲವನ್ನು ಖಾಲಿ ಬಿಟ್ಟರು; ಮೇಲಿನ ಬಾಯನ್ನು ಮಾತ್ರ ಎಲ್ಲದರಲ್ಲೂ ಭದ್ರವಾಗಿ ಮುಚ್ಚಿದರು. ಎರಡೂ ಗುಂಪು ಒಂದೇ ರೀತಿ ವಾಸಿಯಾದವು.

ಹಾಗಾದರೆ ತುಂಬುವುದೇ ಬೇಡ ಎಂದು ಯಾರೂ ತೀರ್ಮಾನಿಸಲಿಲ್ಲ, ತೀರ್ಮಾನಿಸಲೂಬಾರದು. ಮನುಷ್ಯನ ಬಾಯಲ್ಲಿ ಹಲ್ಲು ತಿಂಗಳುಗಟ್ಟಲೆ ಅಲ್ಲ, ದಶಕಗಟ್ಟಲೆ ಬಾಳಬೇಕು. ಮೇಲಾಗಿ ಶುಚಿ ಎಂಬುದು ಎಂದೂ ಪೂರ್ಣವಲ್ಲ. 2001ರಲ್ಲಿ ಓವ್ ಪೀಟರ್ಸ್ ಮತ್ತು ಸಂಗಡಿಗರು ಸೂಕ್ಷ್ಮ ಸಿ.ಟಿ. ಸ್ಕ್ಯಾನಿನಲ್ಲಿ ಅಳೆದಾಗ, ಫೈಲ್ ಎಂಬ ಸಣ್ಣ ಲೋಹದ ಅರಗಳಲ್ಲಿ ಯಾವ ಬಗೆಯದರಿಂದ ಉಜ್ಜಿದರೂ ನಾಳದ ಗೋಡೆಯ 35%ಕ್ಕೂ ಹೆಚ್ಚು ಭಾಗವನ್ನು ಲೋಹ ಮುಟ್ಟಿಯೇ ಇರಲಿಲ್ಲ. ಅಲ್ಲಿಗೆ ತಲುಪುವುದು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಮಾತ್ರ, ಅಂದರೆ ಬಟ್ಟೆ ಬಿಳುಪು ಮಾಡುವ ಬ್ಲೀಚಿನ ಮೂಲವಸ್ತು. ಅದಕ್ಕೂ ಸಿಗದೆ ಉಳಿದ ಬ್ಯಾಕ್ಟೀರಿಯಾಗಳನ್ನು ಇದ್ದಲ್ಲೇ ಹೂಳಿ, ಕೆಳಗಿನಿಂದ ಒಸರುವ ದ್ರವ ಅವಕ್ಕೆ ಆಹಾರವಾಗದಂತೆ, ಮೇಲಿನಿಂದ ಉಗುಳು ಇಳಿಯದಂತೆ ತಡೆಯುವುದು ತುಂಬುವಿಕೆಯ ಕೆಲಸ. ಶುಚಿ ಮಾಡಿದ್ದನ್ನು ಕಾಪಾಡುವುದು ಅದರ ಪಾಲು. ಶುಚಿಯಾಗದ್ದನ್ನು ಅದು ಶುಚಿ ಮಾಡಲಾರದು.

ತುಂಬುವ ವಸ್ತುವಿನ ಮೂಲ ಮಲಯ ಪರ್ಯಾಯ ದ್ವೀಪದ ಮಳೆಕಾಡು. ಅಲ್ಲಿನ ಪಲಾಕ್ವಿಯಮ್ ಎಂಬ ಮರದ ಹಾಲು ಗಟ್ಟಿಯಾದರೆ ಗಟ್ಟಾಪರ್ಚ. ‘ಗೆತಾ’ ಎಂದರೆ ಮಲಯ ಭಾಷೆಯಲ್ಲಿ ಅಂಟು. ಈ ಮರ ನಮಗೆ ಪೂರಾ ಹೊರಗಿನದೇನಲ್ಲ. ನಮ್ಮ ಸಪೋಟ, ಹಿಪ್ಪೆ, ಬಕುಳ ಇವೆಲ್ಲ ಅದೇ ಕುಟುಂಬದವು. ಸಪೋಟ ಕಾಯಿ ಕೀಳುವಾಗ ಕೈಗೆ ಅಂಟುವ ಬಿಳಿ ಹಾಲಿನ ನೆನಪಿದ್ದವರಿಗೆ ಸಂಬಂಧ ಕೂಡಲೇ ಹೊಳೆಯುತ್ತದೆ. ಪಲಾಕ್ವಿಯಮ್ ಕುಲದ ಇನ್ನೊಂದು ಪ್ರಭೇದ ಆಗುಂಬೆ, ಕೊಡಗುಗಳ ನಿತ್ಯಹರಿದ್ವರ್ಣ ಕಾಡಿನಲ್ಲೇ ಎತ್ತರಕ್ಕೆ ಬೆಳೆದು ನಿಂತಿದೆ.

ಸಿಂಗಪುರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯನಾಗಿದ್ದ ವಿಲಿಯಂ ಮಾಂಟ್‌ಗೊಮರಿ 1840ರ ದಶಕದಲ್ಲಿ ಈ ಅಂಟನ್ನು ಬ್ರಿಟನ್ನಿಗೆ ಪರಿಚಯಿಸಿದ. ರಾಸಾಯನಿಕವಾಗಿ ಇದು ರಬ್ಬರಿನ ಅವಳಿ: ಪರಮಾಣುಗಳು ಅವೇ, ಜೋಡಣೆ ಮಾತ್ರ ಬೇರೆ. ಆ ಒಂದು ಬದಲಾವಣೆಯಿಂದ ಗಟ್ಟಾಪರ್ಚ ರಬ್ಬರಿನಂತೆ ಪುಟಿಯುವುದಿಲ್ಲ. ಬಿಸಿ ಮಾಡಿದರೆ ಕಣಕದಂತೆ ಮೆತ್ತಗಾಗಿ, ಆರಿದರೆ ಕೊಟ್ಟ ಆಕಾರದಲ್ಲೇ ನಿಲ್ಲುತ್ತದೆ. ನೀರು ಅದನ್ನು ಕೆಡಿಸದು. ಅದಕ್ಕೇ ಸಮುದ್ರತಳದ ಟೆಲಿಗ್ರಾಫ್ ತಂತಿಗಳಿಗೆ ಅದರ ಹೊದಿಕೆ ಬಂತು. 1870ರಲ್ಲಿ ಮುಂಬಯಿಯನ್ನು ಲಂಡನ್ನಿಗೆ ಜೋಡಿಸಿದ ಕೇಬಲಿಗೂ. ಆ ತಂತಿಗಳಿಗಾಗಿ ಮಲಯದ ಕಾಡುಗಳಲ್ಲಿ ಲಕ್ಷಾಂತರ ಮರಗಳು ಉರುಳಿದವು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1867ರ ಹೊತ್ತಿಗೆ ಅಮೆರಿಕದ ಸೇಂಟ್ ಲೂಯಿಸಿನ ದಂತವೈದ್ಯ ಬೋಮನ್ ಇದನ್ನು ಬೇರುನಾಳ ತುಂಬಲು ಬಳಸಿದ. ಇಂದಿಗೂ ಅದನ್ನು ಪೂರ್ತಿ ಕೆಳಗಿಳಿಸಿದ ವಸ್ತು ಬಂದಿಲ್ಲ.

ವೈದ್ಯರ ಟ್ರೇಯಲ್ಲಿ ಕಾಣುವ ತೆಳು ಗುಲಾಬಿ ಕಡ್ಡಿಗಳಲ್ಲಿ ನಿಜವಾದ ಗಟ್ಟಾಪರ್ಚ ಐದನೇ ಒಂದು ಪಾಲು ಮಾತ್ರ. ಮುಕ್ಕಾಲಿನ ಹತ್ತಿರ ಸತುವಿನ ಆಕ್ಸೈಡ್, ಮಿಕ್ಕಿದ್ದು ಮೇಣ ಮತ್ತು ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಿಸಲು ಬೆರೆಸುವ ಲೋಹದ ಲವಣ. ಅದರ ದೊಡ್ಡ ಕೊರತೆ ಒಂದೇ: ಹಲ್ಲಿನ ಗೋಡೆಗೆ ಅದು ಅಂಟುವುದಿಲ್ಲ. ಕಡ್ಡಿಗೂ ಗೋಡೆಗೂ ನಡುವೆ ಗಾರೆಯಂತೆ ಸೀಲರ್ ಬೇಕೇ ಬೇಕು. ಹಳೆಯ ಸೀಲರುಗಳಲ್ಲಿ ಸತುವಿನ ಆಕ್ಸೈಡಿನ ಜೊತೆ ಯುಜೆನಾಲ್ ಇರುತ್ತಿತ್ತು, ಅಂದರೆ ಹಲ್ಲುನೋವಿಗೆ ಅಜ್ಜಿ ಹತ್ತಿಯಲ್ಲಿ ಅದ್ದಿ ಇಡುತ್ತಿದ್ದ ಲವಂಗದೆಣ್ಣೆಯ ಸತ್ವ. ಆಮೇಲೆ ಎಪಾಕ್ಸಿ ರಾಳದವು ಬಂದವು. ಗಾರೆ ಕಾಲಕ್ರಮದಲ್ಲಿ ಕುಗ್ಗುತ್ತದೆ, ಕರಗುತ್ತದೆ. ಆದ್ದರಿಂದ ಕಲ್ಲು ಹೆಚ್ಚು, ಗಾರೆ ಕಡಿಮೆ ಇರಬೇಕು ಎಂಬುದು ಬಹುಕಾಲದ ನಿಯಮವಾಗಿತ್ತು. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಮುಂದಿನ ವಿಧಾನಗಳೆಲ್ಲ ಅದರ ಸುತ್ತಲೇ ತಿರುಗುತ್ತವೆ.

ಮೊದಲನೆಯದು ತಣ್ಣನೆಯ ಪಕ್ಕ ಒತ್ತುವಿಕೆ. ನಾಳದ ಉದ್ದಕ್ಕೆ ಸರಿಹೋಗುವ ದಪ್ಪ ಕಡ್ಡಿಯೊಂದನ್ನು ಸೀಲರ್ ಸವರಿ ಇಳಿಸುತ್ತಾರೆ. ಸ್ಪ್ರೆಡರ್ ಎಂಬ ಮೊನೆಚಾದ ಉಪಕರಣವನ್ನು ಅದರ ಪಕ್ಕಕ್ಕೆ ತೂರಿಸಿ ಗೋಡೆಗೆ ಒತ್ತುತ್ತಾರೆ, ಜಾಗ ಮಾಡುತ್ತಾರೆ, ಆ ಜಾಗಕ್ಕೆ ಸಣ್ಣ ಕಡ್ಡಿ. ಮತ್ತೆ ಒತ್ತು, ಮತ್ತೆ ಕಡ್ಡಿ. ಹೊರೆ ಕಟ್ಟುವವರು ಸಂದಿನಲ್ಲಿ ಇನ್ನೊಂದು ಸೌದೆ ಸಿಕ್ಕಿಸುವ ಹಾಗೆ. ಸ್ಪ್ರೆಡರ್ ಬೇರಿನ ತುದಿಗೆ ಒಂದೆರಡು ಮಿಲಿಮೀಟರ್ ಹತ್ತಿರ ಇಳಿದರೆ ಮುಚ್ಚುವಿಕೆ ಚೆನ್ನಾಗಿರುತ್ತದೆ. ನಮ್ಮ ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೊದಲು ಕಲಿಯುವುದು ಇದನ್ನೇ, ಮತ್ತು ಅದು ಸರಿ. ದುಬಾರಿ ಯಂತ್ರ ಬೇಡ, ವಿದ್ಯುತ್ ಬೇಡ, ಉದ್ದದ ಮೇಲಿನ ಹಿಡಿತ ಗಟ್ಟಿ. ತುದಿ ದಾಟಿ ವಸ್ತು ಹೊರಚೆಲ್ಲುವುದು ಕಡಿಮೆ. ಹೊರೆ ಎಷ್ಟೇ ಬಿಗಿಯಾದರೂ ಸೌದೆಗಳು ಸೌದೆಗಳೇ ಎಂಬುದು ಕೊರತೆ. ಕಡ್ಡಿಗಳು ಒಂದಾಗಿ ಬೆಸೆಯುವುದಿಲ್ಲ, ನಡುವಣ ಸಂದುಗಳಲ್ಲಿ ಸೀಲರ್ ಉಳಿಯುತ್ತದೆ, ಪಕ್ಕದ ಕವಲುಗಳಿಗೆ ಹೆಚ್ಚೇನೂ ಹೋಗುವುದಿಲ್ಲ. ಬಲ ಹೆಚ್ಚಾದರೆ ತೆಳು ಬೇರು ಉದ್ದಕ್ಕೆ ಸೀಳಬಹುದು. ಹಾಗೆ ಸೀಳಿದ ಒಂಟಿಬೇರಿನ ಹಲ್ಲಿಗೆ ಕೀಳುವುದೊಂದೇ ದಾರಿ.

ಈ ಕೊರತೆಯನ್ನು ಕಂಡು ಕೆರಳಿದವರು ಬಾಸ್ಟನ್ ವಿಶ್ವವಿದ್ಯಾಲಯದ ಹರ್ಬರ್ಟ್ ಶಿಲ್ಡರ್. 1967ರಲ್ಲಿ ಅವರು ಬರೆದ ಪ್ರಬಂಧದ ವಾದ ನೇರವಾಗಿತ್ತು: ನಾಳಕ್ಕೆ ಮೂರು ಆಯಾಮಗಳಿವೆ, ತುಂಬುವುದೂ ಮೂರು ಆಯಾಮಗಳಲ್ಲೇ ಆಗಬೇಕು. ಗಟ್ಟಾಪರ್ಚ ಬಿಸಿಗೆ ಮೆತ್ತಗಾಗುವ ಗುಣವನ್ನು ಅವರು ಪೂರ್ತಿ ದುಡಿಸಿಕೊಂಡರು. ಕಡ್ಡಿಯನ್ನು ಇಳಿಸಿ, ಕಾದ ಉಪಕರಣದಿಂದ ಮೇಲಿನ ಮೂರ್ನಾಲ್ಕು ಮಿಲಿಮೀಟರ್ ಕತ್ತರಿಸಿ ತೆಗೆದು, ಕೆಳಗೆ ಮೆತ್ತಗಾದದ್ದನ್ನು ಪ್ಲಗ್ಗರ್ ಎಂಬ ಮೊಂಡು ತುದಿಯ ಉಪಕರಣದಿಂದ ಕೆಳಮುಖವಾಗಿ ಒತ್ತುವುದು. ಮತ್ತೆ ಕಾಯಿಸಿ, ಮತ್ತೆ ಒತ್ತಿ, ಬೇರಿನ ತುದಿಯ ನಾಲ್ಕೈದು ಮಿಲಿಮೀಟರ್ ಬಿಗಿಯಾಗುವವರೆಗೆ ಇಳಿಯುವುದು. ಆಮೇಲೆ ಮೇಲಿನ ಖಾಲಿಯನ್ನು ಬಿಸಿ ಗಟ್ಟಾಪರ್ಚದಿಂದ ತುಂಬಿಕೊಂಡು ಬರುವುದು. ಒತ್ತಡ ಕೆಳಕ್ಕೆ ಬಿದ್ದಾಗ ಮೆತ್ತನೆಯ ವಸ್ತು ಪಕ್ಕಕ್ಕೂ ಸರಿಯುತ್ತದೆ. ಎಕ್ಸ್‌ರೇಯಲ್ಲಿ ಪಕ್ಕದ ಕವಲುಗಳು ಬಿಳಿ ಎಳೆಗಳಾಗಿ ಮೂಡಿದ್ದನ್ನು ನೋಡಿದವರಿಗೆ ಶಿಲ್ಡರ್ ಶಿಷ್ಯರ ಉತ್ಸಾಹ ಅರ್ಥವಾಗುತ್ತದೆ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಟೀಫನ್ ಬುಕಾನನ್ ವಿದ್ಯುತ್ತಿನಿಂದ ಕಾಯುವ ಪ್ಲಗ್ಗರ್ ತಂದು, ಹಲವು ಸುತ್ತಿನ ಆ ಕೆಲಸವನ್ನು ಒಂದೇ ಇಳಿತಕ್ಕೆ ತಂದರು.

ಬಿಸಿಗೆ ಅದರದೇ ಬೆಲೆ ಇದೆ. ಬೇರಿನ ಹೊರಮೈ ಉಷ್ಣತೆ ದೇಹಕ್ಕಿಂತ ಹತ್ತು ಡಿಗ್ರಿ ಏರಿ ಹಾಗೇ ನಿಂತರೆ ಸುತ್ತಲಿನ ಮೂಳೆಗೆ ಪೆಟ್ಟಾಗುತ್ತದೆ. ಆದ್ದರಿಂದ ಕಾದ ಉಪಕರಣ ಒಳಗಿರುವುದು ಕೆಲವೇ ಸೆಕೆಂಡು. ಬಿಸಿಯಾದ ಗಟ್ಟಾಪರ್ಚ ಆರುವಾಗ ಕುಗ್ಗುತ್ತದೆ. ಆರುವವರೆಗೆ ಒತ್ತಿ ಹಿಡಿಯುವ ತಾಳ್ಮೆ ಬೇಕು. ಉಪಕರಣ ಕೆಳಗಿಳಿಯಲು ನಾಳವನ್ನು ತುಸು ಅಗಲ ಮಾಡಬೇಕಾಗಿ, ಹಲ್ಲಿನ ಗಟ್ಟಿ ಭಾಗ ಅಷ್ಟು ನಷ್ಟವಾಗುತ್ತದೆ. ತುದಿಯ ಬಾಯಿ ದಾಟಿ ವಸ್ತು ಹೊರಕ್ಕೆ ಜಾರುವುದೂ ಹೆಚ್ಚು. ಕೆಳದವಡೆಯ ಹಿಂಬದಿ ಹಲ್ಲುಗಳ ಬೇರಿನ ಸನಿಹ ನರವೊಂದು ಹಾದುಹೋಗುತ್ತದೆ. ಅಲ್ಲಿ ಹೀಗಾದರೆ ತುಟಿ ಜೋಮು ಹಿಡಿಯಬಹುದು.

ಪ್ಲಾಸ್ಟಿಕ್ ಕಡ್ಡಿಯ ಸುತ್ತ ಗಟ್ಟಾಪರ್ಚ ಮೆತ್ತಿ, ಪುಟ್ಟ ಒಲೆಯಲ್ಲಿ ಕಾಯಿಸಿ, ನಾಳಕ್ಕೆ ಒಮ್ಮೆಲೇ ಇಳಿಸುವ ವಿಧಾನವೂ ಇದೆ. ಬೆನ್ ಜಾನ್ಸನ್ 1978ರಲ್ಲಿ ಪ್ರಕಟಿಸಿದ ಉಪಾಯದಿಂದ ಬೆಳೆದ ಈ ವಿಧಾನ ವೇಗದ್ದು, ಬಾಗಿದ ನಾಳಗಳಿಗೆ ಒಗ್ಗುವಂಥದು. ಆದರೆ ಇಳಿಯುವ ಹೊತ್ತಿಗೆ ಮೆತ್ತಿದ ಗಟ್ಟಾಪರ್ಚ ಗೋಡೆಗೆ ಉಜ್ಜಿ ಮೇಲೇ ಉಳಿದು, ತುದಿಯಲ್ಲಿ ಬರೀ ಕಡ್ಡಿ ಗೋಡೆಗೆ ತಾಗಿ ನಿಲ್ಲುವುದುಂಟು. ಮತ್ತೆ ತೆಗೆಯಬೇಕಾಗಿ ಬಂದರೆ ಆ ಕಡ್ಡಿ ಕಾಟ ಕೊಡುತ್ತದೆ. ನಾನಾಗಿ ಇದನ್ನು ಕೇಳಿ ಮಾಡಿಸಿಕೊಳ್ಳಲಾರೆ.

ಕಲ್ಲು–ಗಾರೆಯ ಲೆಕ್ಕವನ್ನೇ ತಿರುಗಿಸಿ ಹಾಕಿದ್ದು ಸಿಮೆಂಟು. 1993ರಲ್ಲಿ ಕ್ಯಾಲಿಫೋರ್ನಿಯಾದ ಲೋಮ ಲಿಂಡ ವಿಶ್ವವಿದ್ಯಾಲಯದ ಮಹಮೂದ್ ಟೊರಾಬಿನೆಜಾದ್ ಮತ್ತು ಸಂಗಡಿಗರು ಎಂ.ಟಿ.ಎ. ಎಂಬ ಬೂದು ಪುಡಿಯ ಬಗ್ಗೆ ಬರೆದರು. ಅದರ ಮುಖ್ಯಾಂಶ ಮನೆ ಕಟ್ಟುವ ಪೋರ್ಟ್‌ಲೆಂಡ್ ಸಿಮೆಂಟಿನದೇ. ಎಕ್ಸ್‌ರೇಗೆ ಕಾಣಲು ಬಿಸ್ಮತ್ ಆಕ್ಸೈಡ್ ಬೆರೆತಿದೆ. ಹಿಂದಿನ ಹಲವು ಸೀಲರುಗಳಿಗೆ ತೇವವೇ ಶತ್ರು. ಸಿಮೆಂಟಿಗೆ ತೇವವೇ ಜೀವ. ಈ ಸಿಮೆಂಟಿನ ಮುಖ್ಯಾಂಶವಾದ ಕ್ಯಾಲ್ಸಿಯಂ ಸಿಲಿಕೇಟನ್ನು ನುಣ್ಣಗೆ ಅರೆದು ಸಿರಿಂಜಿನಿಂದ ಹರಿಯುವಂತೆ ಮಾಡಿದ್ದು ಈಗ ಬಯೋಸೆರಾಮಿಕ್ ಸೀಲರ್ ಎಂದು ಹೆಸರಾಗಿದೆ. ಡೆಂಟಿನ್ನಿನ ಸೂಕ್ಷ್ಮ ನಳಿಕೆಗಳಲ್ಲಿರುವ ತೇವ ಹೀರಿಕೊಂಡು ಅದು ಗಟ್ಟಿಯಾಗುತ್ತದೆ, ಕುಗ್ಗುವುದಿಲ್ಲ. ಗಟ್ಟಿಯಾಗುವಾಗ ಹೊಮ್ಮುವ ಸುಣ್ಣದ ತೀಕ್ಷ್ಣ ಕ್ಷಾರದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ಬದುಕಲಾರವು. ಗಾರೆಯೇ ಇಷ್ಟು ಗಟ್ಟಿಯಾದ ಮೇಲೆ ಹೊರೆ ಬಿಗಿಯುವ ಕಷ್ಟ ಯಾಕೆ? ನಾಳದ ಅಳತೆಯ ಒಂದೇ ಕಡ್ಡಿ, ಸುತ್ತಲೂ ಸಿಮೆಂಟು: ಇದೇ ‘ಸಿಂಗಲ್ ಕೋನ್’ ವಿಧಾನ. ಒತ್ತಡವಿಲ್ಲ, ಬಿಸಿಯಿಲ್ಲ, ಬೇರು ಸೀಳುವ ಭಯ ಕಡಿಮೆ. ಗಟ್ಟಾಪರ್ಚವನ್ನು ನೀಲಗಿರಿ ಎಣ್ಣೆಯಲ್ಲಿ ಮೆತ್ತಗೆ ಮಾಡಿ ತೆಗೆಯಬಹುದು, ಆದರೆ ಗಟ್ಟಿಯಾದ ಈ ಸಿಮೆಂಟನ್ನು ಕರಗಿಸುವ ಎಣ್ಣೆ ಇಲ್ಲ. ಕಡ್ಡಿ ಬೇರಿನ ಪೂರ್ಣ ಉದ್ದಕ್ಕೆ ಇಳಿದಿರಲೇಬೇಕು ಎಂದು ತಜ್ಞರು ಒತ್ತಿ ಹೇಳುವುದು ಇದಕ್ಕೇ: ಆಗ ಮುಂದೆ ದಾರಿ ಬೇಕಾದರೆ ಕಡ್ಡಿ ಇದ್ದ ಜಾಗವಾದರೂ ಸಿಕ್ಕೀತು.

ಹೊಸದೆಲ್ಲ ಗೆಲ್ಲುವುದಿಲ್ಲ ಎಂಬುದಕ್ಕೂ ಈ ಚರಿತ್ರೆಯಲ್ಲಿ ಸಾಕ್ಷಿಗಳಿವೆ. 1930ರ ದಶಕದಲ್ಲಿ ಬೆಳ್ಳಿ ಕಡ್ಡಿಗಳು ಬಂದವು. ಬಾಗಿದ ನಾಳಕ್ಕೆ ಸಲೀಸಾಗಿ ಇಳಿದವು, ಎಕ್ಸ್‌ರೇಯಲ್ಲಿ ಹೊಳೆದವು, ಒಳಗೆ ಮಾತ್ರ ತುಕ್ಕು ಹಿಡಿದು ಊತಕಕ್ಕೆ ವಿಷವಾದವು. 2004ರ ಸುಮಾರಿಗೆ ರೆಸಿಲಾನ್ ಎಂಬ ಪಾಲಿಯೆಸ್ಟರ್ ವಸ್ತು, ಗೋಡೆಗೂ ಸೀಲರಿಗೂ ಅಂಟಿ ಏಕಶಿಲೆಯಾಗುತ್ತದೆ ಎಂಬ ಭರವಸೆಯೊಂದಿಗೆ ಬಂತು. ಸುಮಾರು ಹತ್ತು ವರ್ಷದಲ್ಲಿ ಅದು ಹಲ್ಲಿನೊಳಗೇ ಶಿಥಿಲವಾಗುವುದು ಕಂಡು ಮಾರುಕಟ್ಟೆಯಿಂದ ಮರೆಯಾಯಿತು. ರೆಸಿಲಾನಿನ ಪ್ರಯೋಗಾಲಯದ ಫಲಿತಾಂಶವಂತೂ ಮೊದಮೊದಲು ಸೊಗಸಾಗಿತ್ತು.

ಹೋಲಿಕೆಯ ಕಷ್ಟ ಇರುವುದೇ ಇಲ್ಲಿ. ಕಿತ್ತ ಹಲ್ಲನ್ನು ಬೇರೆಬೇರೆ ವಿಧಾನದಲ್ಲಿ ತುಂಬಿ, ಬಣ್ಣದ ನೀರಿನಲ್ಲಿ ಮುಳುಗಿಸಿ, ಬಣ್ಣ ಎಷ್ಟು ಒಳನುಗ್ಗಿತು ಎಂದು ಅಳೆಯುವ ಪ್ರಯೋಗಗಳು ಲೆಕ್ಕವಿಲ್ಲದಷ್ಟು ನಡೆದಿವೆ. ಒಂದರಲ್ಲಿ ಬಿಸಿ ವಿಧಾನ ಗೆದ್ದರೆ ಇನ್ನೊಂದರಲ್ಲಿ ತಣ್ಣನೆಯದು. ಬದುಕಿರುವ ಮನುಷ್ಯರ ಹಲ್ಲು ವಾಸಿಯಾಯಿತೇ ಎಂದು ಕೇಳಿದ ಅಧ್ಯಯನಗಳನ್ನು 2007ರಲ್ಲಿ ಪೆಂಗ್ ಮತ್ತು ಸಂಗಡಿಗರು ಒಟ್ಟುಗೂಡಿಸಿ ತೂಗಿದರು. ಚಿಕಿತ್ಸೆಯ ನಂತರದ ನೋವಿನಲ್ಲಾಗಲಿ, ವರ್ಷಗಳ ಮೇಲಿನ ಫಲಿತಾಂಶದಲ್ಲಾಗಲಿ ಬಿಸಿ ಮತ್ತು ತಣ್ಣನೆಯ ವಿಧಾನಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ವಸ್ತು ತುದಿ ದಾಟುವುದು ಮಾತ್ರ ಬಿಸಿಯಲ್ಲಿ ಹೆಚ್ಚಿತ್ತು. ಟೊರಾಂಟೊದ ದೀರ್ಘ ಅಧ್ಯಯನದ ಮೊದಲ ಹಂತಗಳಲ್ಲಿ, ಸೋಂಕಾದ ಹಲ್ಲುಗಳಿಗೆ ಶಿಲ್ಡರ್ ವಿಧಾನ ಮೇಲುಗೈ ಪಡೆದಿತ್ತು. ಆದರೆ ಅಲ್ಲಿ ನಾಳವನ್ನು ಶುಚಿಮಾಡಿದ ಬಗೆಯೂ ಬೇರೆಯಾಗಿತ್ತು. ಕೀರ್ತಿಯನ್ನೆಲ್ಲ ತುಂಬುವಿಕೆಗೆ ಕೊಡುವಂತಿಲ್ಲ. ಲಂಡನ್ನಿನ ಗುಲಾಬಿವಾಲ ಅವರ ತಂಡ 2008ರಲ್ಲಿ ದಶಕಗಳ ಸಂಶೋಧನೆಯನ್ನು ಜಾಲಾಡಿ, ಫಲಿತಾಂಶವನ್ನು ನಿರ್ಧರಿಸುವ ನಾಲ್ಕು ಅಂಶಗಳನ್ನು ಎತ್ತಿ ತೋರಿಸಿತು: ಚಿಕಿತ್ಸೆಗೆ ಮೊದಲು ಬೇರಿನ ತುದಿಯಲ್ಲಿ ರೋಗದ ಗುರುತು ಇಲ್ಲದಿರುವುದು, ತುಂಬಿದ್ದರಲ್ಲಿ ಪೊಳ್ಳು ಇಲ್ಲದಿರುವುದು, ತುಂಬಿದ್ದು ತುದಿಗೆ ಎರಡು ಮಿಲಿಮೀಟರಿನೊಳಗೆ ತಲುಪಿರುವುದು, ಮೇಲಿನ ಮುಚ್ಚಳ ಸರಿಯಾಗಿರುವುದು. ವಿಧಾನದ ಹೆಸರು ಆ ಪಟ್ಟಿಯಲ್ಲಿ ಇಲ್ಲ.

ಹಾಗೆಂದು ಎಲ್ಲ ಹಲ್ಲಿಗೂ ಯಾವುದಾದರೂ ಸರಿ ಎಂದಲ್ಲ. ಹಾನಿ ಹೇಗಾಗಿದೆ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಎಂಟು ವರ್ಷದ ಮಗು ಜಾರುಬಂಡೆಯಿಂದ ಬಿದ್ದು ಬಾಚಿಹಲ್ಲು ಮುರಿದುಕೊಂಡು, ಮಜ್ಜೆ ಸತ್ತಿದೆ ಎನ್ನಿ. ಆ ಬೇರು ಇನ್ನೂ ಬೆಳೆದು ಮುಗಿದಿಲ್ಲ. ತುದಿ ಊದುಕೊಳವೆಯ ಬಾಯಂತೆ ತೆರೆದಿದೆ. ಅಲ್ಲಿ ಒತ್ತಿದ್ದೆಲ್ಲ ಮೂಳೆಯೊಳಕ್ಕೆ ಹೋಗುತ್ತದೆ. ಹಿಂದೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ವೀಳ್ಯದೆಲೆಗೆ ಹಚ್ಚುವ ಸುಣ್ಣದ್ದೇ ವಸ್ತುವನ್ನು ತುಂಬಿ, ತುದಿ ತಾನಾಗಿ ಮುಚ್ಚಲು ವರ್ಷ, ಒಂದೂವರೆ ವರ್ಷ ಕಾಯುತ್ತಿದ್ದರು. ಅಷ್ಟು ದಿನದ ಸುಣ್ಣದಿಂದ ಬೇರೇ ಪೆಡಸಾಗುತ್ತಿತ್ತು. ಈಗ ನಾಲ್ಕೈದು ಮಿಲಿಮೀಟರಿನ ಎಂ.ಟಿ.ಎ. ಬಿರಡೆ ಒಂದೆರಡು ಭೇಟಿಯಲ್ಲಿ ಆ ಕೆಲಸ ಮುಗಿಸುತ್ತದೆ. ಸಿಮೆಂಟಿನ ನಿಜವಾದ ಗೆಲುವು ಇದು. ಇನ್ನು ಕೆಲವು ಹಲ್ಲುಗಳಲ್ಲಿ ಗೋಡೆ ಒಳಗಿನಿಂದಲೇ ಕರಗಿ, ಬೇರಿನ ನಡುವೆ ಗುಡಾಣದಂಥ ಪೊಳ್ಳು ಉಂಟಾಗಿರುತ್ತದೆ. ಕಡ್ಡಿಗಳ ಹೊರೆ ಅದನ್ನು ತುಂಬಲಾರದು. ಬಿಸಿ ಗಟ್ಟಾಪರ್ಚವನ್ನೇ ಹರಿಸಬೇಕು. ಬೇರು ತೆಳುವಾಗಿದ್ದರೆ ಸ್ಪ್ರೆಡರಿನ ಒತ್ತಡಕ್ಕಿಂತ ಸಿಂಗಲ್ ಕೋನ್ ಕ್ಷೇಮ. ಸೀಳಿನಂತೆ ಅಂಡಾಕಾರವಾದ ನಾಳಕ್ಕೆ ಗುಂಡನೆಯ ಒಂದೇ ಕಡ್ಡಿ ಸಾಲದು. ಹದಗೆಡದ, ನೇರ ನಾಳದ ಸಾಧಾರಣ ಹಲ್ಲಿಗೆ ಹಳೆಯ ತಣ್ಣನೆಯ ವಿಧಾನವನ್ನು ನಂಬಿ ಮಾಡಿಸಿಕೊಳ್ಳಬಹುದು. ಪಳಗಿದ ಕೈಯ ತಣ್ಣನೆಯ ಕೆಲಸ, ಪಳಗದ ಕೈಯ ಬಿಸಿ ಯಂತ್ರಕ್ಕಿಂತ ನನಗೆ ಮೇಲು.

ಆದ್ದರಿಂದ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳೇ ಬೇರೆ. ಶುಚಿ ಮಾಡುವಾಗ ಉಗುಳು ಒಳಹೋಗದಂತೆ ರಬ್ಬರ್ ಡ್ಯಾಮ್ ಹಾಕುತ್ತೀರಾ? ಕೊನೆಯ ಎಕ್ಸ್‌ರೇ ತೋರಿಸುತ್ತೀರಾ, ತುಂಬಿದ್ದು ತುದಿಯವರೆಗೆ ಹೋಗಿದೆಯಾ? ಹಾಗೆ ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಮೂರನೆಯ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು: ಕ್ಯಾಪ್ ಯಾವಾಗ? ನೋವು ನಿಂತ ಕೂಡಲೇ ಮುಂದಿನ ಭೇಟಿಯನ್ನು ಹಬ್ಬ ಕಳೆಯಲಿ, ಮದುವೆ ಮುಗಿಯಲಿ ಎಂದು ಮುಂದೂಡುವವರು ನಮ್ಮಲ್ಲಿ ಎಷ್ಟೋ ಮಂದಿ. ರೇ ಮತ್ತು ಟ್ರೋಪ್ 1995ರಲ್ಲಿ 1,010 ಹಲ್ಲುಗಳ ಎಕ್ಸ್‌ರೇ ಪರೀಕ್ಷಿಸಿದಾಗ, ಬೇರಿನ ತುದಿಯ ಆರೋಗ್ಯಕ್ಕೆ ಒಳಗೆ ತುಂಬಿದ್ದಕ್ಕಿಂತ ಮೇಲೆ ಮುಚ್ಚಿದ್ದರ ಗುಣಮಟ್ಟವೇ ಹೆಚ್ಚು ಮುಖ್ಯವಾಗಿ ಕಂಡಿತು. 2002ರ ಅಮೆರಿಕದ ಅಧ್ಯಯನವೊಂದರಲ್ಲಿ, ಕ್ಯಾಪ್ ಹಾಕಿಸಿದ ಹಲ್ಲುಗಳಿಗೆ ಹೋಲಿಸಿದರೆ ಹಾಕಿಸದವು ಆರು ಪಟ್ಟು ವೇಗದಲ್ಲಿ ನಷ್ಟವಾದವು. 2016ರ ಇನ್ನೊಂದು ಅಧ್ಯಯನ ಗಡುವನ್ನೂ ಹೇಳಿತು: ನಾಲ್ಕು ತಿಂಗಳು ದಾಟಿ ಕ್ಯಾಪ್ ಹಾಕಿಸಿದ ಹಲ್ಲುಗಳನ್ನು ಕೀಳಬೇಕಾಗಿ ಬರುವ ಸಾಧ್ಯತೆ ಹೆಚ್ಚುಕಡಿಮೆ ಮೂರು ಪಟ್ಟು. ನಿಮ್ಮ ಬಾಯಲ್ಲಿ ರೂಟ್ ಕೆನಾಲ್ ಆಗಿಯೂ ತಾತ್ಕಾಲಿಕ ಬಿಳಿ ಮೆತ್ತೆಯಲ್ಲೇ ಉಳಿದ ದವಡೆಹಲ್ಲು ಇದ್ದರೆ, ಈ ವಾರವೇ ಹೋಗಿ ಅದನ್ನು ಮುಚ್ಚಿಸಿಕೊಳ್ಳಿ.